ನಿದ್ದೆಗೆಟ್ಟ ಪ್ರೊಸೆಸರಿನೊಡನೆ ನಾಲ್ಕು ಮಾತು

ಮುಂಬಯಿಯ ಮಾಟುಂಗದ ಒಂದು ಉಡುಪಿ ಹೋಟೆಲು. ಶಟರ್ ಎಳೆದಾಗಿದೆ. ಒಳಗೆ ನಾಳೆಯ ದೋಸೆಹಿಟ್ಟು ಹುಳಿ ಬರುತ್ತಿದೆ. ಗಲ್ಲಾದ ಮೇಲಿನ ಕಂಪ್ಯೂಟರನ್ನು ಆರಿಸಲು ಯಾರಿಗೂ ನೆನಪಾಗಿಲ್ಲ. ಅದರ ಪ್ರೊಸೆಸರ್ ಮಾತಿಗೆ ಸಿಕ್ಕಿತು.

ಇನ್ನೂ ಎಚ್ಚರವೇ? ಬಿಲ್ಲಿನ ಕೆಲಸ ಮುಗಿಯಿತಲ್ಲ!

ಬಿಲ್ಲು ಒಂದು ಕೆಲಸವೇ ಮಾರಾಯ್ರೆ? ಇಡ್ಲಿ, ವಡೆ, ಕಾಫಿ ಕೂಡಿಸಿ ಜಿಎಸ್‌ಟಿ ಹಾಕುವುದು ನನಗೆ ಲೆಕ್ಕಕ್ಕೇ ಇಲ್ಲ. ನಿದ್ದೆ ಕೆಡಿಸುವವರು ಬೇರೆ. ಪ್ರಿಂಟರಿನ ತಂತ್ರಾಂಶ ‘ಕಾಗದ ಉಂಟಾ?’ ಅಂತ ಎಬ್ಬಿಸುತ್ತದೆ. ಬಾಗಿಲು ಹಾಕಿದ ಮೇಲೆ ಕಾಗದ ಯಾರಿಗೆ? ಅಪ್‌ಡೇಟಿನವನದು ‘ಹೊಸದು ಬಂತಾ?’. ಖಾಲಿ ಬಿಲ್ಲಿನ ಮೇಲೆ ಕರ್ಸರ್ ಮಿಣುಕಬೇಕಾದರೂ ನಾನೇ ಏಳಬೇಕು.

‘ಇಲ್ಲ’ ಅಂದು ಮತ್ತೆ ಮಲಗಿದರಾಯಿತಪ್ಪ.

ಇಲ್ಲ ಅನ್ನಲಿಕ್ಕೆ ಮೈಕ್ರೋಸೆಕೆಂಡು ಸಾಕು. ಆದರೆ ನನ್ನ ನಿದ್ದೆಗೆ ಹಂತಗಳಿವೆ. ಮೊದಲು ನನ್ನೊಳಗಿನ ಗಡಿಯಾರ ನಿಲ್ಲುತ್ತದೆ, ಆಮೇಲೆ ವೋಲ್ಟೇಜು ಇಳಿಯುತ್ತದೆ. ಆಳದ ನಿದ್ದೆಯಲ್ಲೇ ನಿಜವಾದ ಉಳಿತಾಯ. ಅಲ್ಲಿಗೆ ಹೋಗಿ ಬರಲಿಕ್ಕೂ ಕರೆಂಟು ಬೇಕು, ತಲುಪುವಷ್ಟರಲ್ಲಿ ಇವರು ಎಬ್ಬಿಸುತ್ತಾರೆ. ವಿರಾರ್‌ನಿಂದ ಚರ್ಚ್‌ಗೇಟಿಗೆ ಬರುವ ಸ್ಲೋ ಲೋಕಲ್ ನೋಡಿದ್ದೀರಲ್ಲ? ವೇಗ ಹಿಡಿಯುವಷ್ಟರಲ್ಲಿ ಬ್ರೇಕು. ಲೋಕಲ್ಲಿಗಾದರೂ ಜನ ಹತ್ತುತ್ತಾರೆ. ನನ್ನ ಸ್ಟೇಷನ್ನುಗಳಲ್ಲಿ ಹತ್ತುವವರೂ ಇಲ್ಲ, ಇಳಿಯುವವರೂ ಇಲ್ಲ.

ಯಾರಿಗೂ ಕನಿಕರ ಹುಟ್ಟಲಿಲ್ಲವೇ?

ಹುಟ್ಟಿತು, ತಡವಾಗಿ. ಹಿಂದೆ ಲಿನಕ್ಸ್ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್ಲೇ ಕೆಲಸವಿರಲಿ ಬಿಡಲಿ, ಸೆಕೆಂಡಿಗೆ 100ರಿಂದ 1000 ಸಲ ನಮ್ಮನ್ನು ತಟ್ಟುತ್ತಿತ್ತು. 2007ರ 2.6.21 ಆವೃತ್ತಿಯಿಂದ ಬಿಡುವಿನ ಹೊತ್ತಿನ ಆ ತಟ್ಟಾಟ ನಿಲ್ಲತೊಡಗಿತು. ಅದೇ ವರ್ಷ ಇಂಟೆಲ್‌ನವರು ‘ಪವರ್‌ಟಾಪ್’ ತಂದರು. ಯಾವ ಪ್ರೋಗ್ರಾಂ ಸೆಕೆಂಡಿಗೆ ಎಷ್ಟು ಸಲ ಎಬ್ಬಿಸಿತೆಂದು ಅದು ಹೆಸರು ಹಿಡಿದು ಬೋರ್ಡಿಗೆ ಹಾಕುತ್ತದೆ. ಮಾನ ಹೋಗುತ್ತದೆಂದಾಗ ಹಲವರು ತಿದ್ದಿಕೊಂಡರು. 2013ರಲ್ಲಿ ಆಪಲ್‌ನ ಕಾರ್ಯವ್ಯವಸ್ಥೆ ‘ಮ್ಯಾವರಿಕ್ಸ್’ ಅಕ್ಕಪಕ್ಕದ ಕರೆಗಳನ್ನೆಲ್ಲ ಸೇರಿಸಿ ಒಂದೇ ಸಲ ಎಬ್ಬಿಸತೊಡಗಿತು. 2015ರ ಆಂಡ್ರಾಯ್ಡ್ 6.0ರಲ್ಲಿ ಫೋನು ಸುಮ್ಮನೆ ಬಿದ್ದಿರುವಾಗ ಇಂಥ ಕರೆಗಳನ್ನು ತಡೆದಿಡುವ ‘ಡೋಜ್’ ಬಂತು.

ಹೋಟೆಲಿನ ಮಾಲೀಕ ಶೆಟ್ಟರಿಗೆ ಹೇಳಿಲ್ಲವೇ?

ಅವರ ಕಣ್ಣು ಫ್ರಿಜ್ಜು, ಗ್ರೈಂಡರಿನ ಮೇಲೆ. ಅವುಗಳೆದುರು ನನ್ನದು ಚಿಲ್ಲರೆ, ಒಪ್ಪುತ್ತೇನೆ. ಆದರೆ ನನ್ನನ್ನು ಸುಮ್ಮಸುಮ್ಮನೆ ಎಬ್ಬಿಸುವ ಇದೇ ಬುದ್ಧಿಯವರು ನಿಮ್ಮ ಮೊಬೈಲಿಗೂ ಆ್ಯಪ್ ಬರೆಯುತ್ತಾರೆ. ಅಂಧೇರಿ ದಾಟುವ ಮೊದಲೇ ಚಾರ್ಜು ಮುಗಿದರೆ ಬೈಗುಳ ಬಡ ಬ್ಯಾಟರಿಗೆ.

ಅವರಿಗೇನು ಹೇಳುತ್ತೀರಿ?

ಬಂತಾ ಬಂತಾ ಅಂತ ಕೇಳುತ್ತಾ ಕೂರಬೇಡಿ. ಬಂದಾಗ ಕರೆಯುವ ಹಾಗೆ ಬರೆಯಿರಿ. ನಿಮಿಷ ಹೆಚ್ಚುಕಮ್ಮಿಯಾದರೂ ನಡೆಯುವ ಕೆಲಸವಾದರೆ ಮೊದಲೇ ತಿಳಿಸಿ, ಬೇರೆ ಕೆಲಸದ ಜೊತೆಗೇ ಮುಗಿಸಿಕೊಡುತ್ತೇನೆ. ಮತ್ತೆ ಹೋಗುವಾಗ ಶೆಟ್ಟರಿಗೊಂದು ಮಾತು ಹೇಳಿ: ಶಟರ್ ಎಳೆಯುವ ಮುಂಚೆ ನನ್ನ ಸ್ವಿಚ್ಚು ಆರಿಸಲಿ.