ಕಪಾಟಿನಲ್ಲಿ ಎರಡು ವಾರಂಟು

ಹೇಗ್ ನಗರದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯ. ಕಪಾಟಿನಲ್ಲಿ ಧೂಳು ಹಿಡಿದು ಕೂತಿದೆ ಸುಡಾನ್ ಅಧ್ಯಕ್ಷರಾಗಿದ್ದ ಬಶೀರ್ ಅವರ 2009ರ ಬಂಧನ ವಾರಂಟು. ಪಕ್ಕದಲ್ಲೇ 2023ರ ಪುಟಿನ್ ವಾರಂಟು. ಕೋರ್ಟಿಗೆ ಸ್ವಂತ ಪೊಲೀಸರಿಲ್ಲ. ಹಾಗಾಗಿ ಇಬ್ಬರಿಗೂ ಹರಟೆಗೆ ಧಾರಾಳ ಪುರುಸೊತ್ತು.

ತಮ್ಮ: ಅಣ್ಣಾ, ಮಂಗೋಲಿಯಾ ನಮ್ಮ ಸದಸ್ಯ ರಾಷ್ಟ್ರ ತಾನೆ? 2024ರಲ್ಲಿ ನಮ್ಮ ಸಾಹೇಬರು ಅಲ್ಲಿಗೆ ಹೋದಾಗ ಕೋಳ ತೊಡಿಸ್ತಾರೆ ಅಂದುಕೊಂಡೆ. ಗೌರವ ವಂದನೆ ಕೊಟ್ಟು ಕಳಿಸಿದರು!

ಅಣ್ಣ: ಅಷ್ಟಕ್ಕೇ ಅಳ್ತೀಯಾ? ನಮ್ಮ ಸಾಹೇಬರು 2015ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದರು. ದೇಶ ಬಿಡಕೂಡದು ಅಂತ ಅಲ್ಲಿನ ಹೈಕೋರ್ಟೇ ತಡೆ ಹಾಕಿತು. ವಿಚಾರಣೆ ಮುಗಿಯುವಷ್ಟರಲ್ಲಿ ಮಿಲಿಟರಿ ನೆಲೆಯಿಂದ ವಿಮಾನ ಹಾರಿಯಾಗಿತ್ತು.

ತಮ್ಮ: ನನ್ನನ್ನು ಕೋರಿದ ಪ್ರಾಸಿಕ್ಯೂಟರನ್ನೇ ರಷ್ಯಾ ‘ಬೇಕಾದವರ’ ಪಟ್ಟಿಗೆ ಸೇರಿಸಿತು.

ಅಣ್ಣ: 2025ರಲ್ಲಿ ಅಮೆರಿಕವೂ ಅವರ ಮೇಲೆ ನಿರ್ಬಂಧ ಹೇರಿತಲ್ಲ. ಆ ಇಬ್ಬರನ್ನೂ ಒಂದು ಮಾಡಿದ ಪುಣ್ಯ ನಮ್ಮ ಕೋರ್ಟಿನದೇ!

ತಮ್ಮ: ಆದರೂ ಅದೇ ವರ್ಷ ಫಿಲಿಪ್ಪೀನ್ಸಿನ ಮಾಜಿ ಅಧ್ಯಕ್ಷ ಡುಟೆರ್ಟೆ ಸಿಕ್ಕಿಬಿದ್ದರಲ್ಲ?

ಅಣ್ಣ: ಸಿಗದೆ ಏನು? ಕುರ್ಚಿ ಹೋಗಿತ್ತು, ಕುರ್ಚಿಯಲ್ಲಿ ಕೂತವರ ಜೊತೆ ಜಗಳವೂ ಆಗಿತ್ತು. ಬರೀ ಕುರ್ಚಿ ಹೋದರೆ ಸಾಲದು ಕಣೋ. ನಮ್ಮವರದು 2019ರಲ್ಲೇ ಹೋಯಿತು. ಸುಡಾನ್ ಒಪ್ಪಿಸಲೇ ಇಲ್ಲ.

ತಮ್ಮ: ಹಾಗಾದರೆ ನಮ್ಮ ಗತಿ?

ಅಣ್ಣ: ಕಾಯೋದು. ನಮ್ಮ ಕೋರ್ಟು ವಿಚಾರಿಸುವ ಅಪರಾಧಗಳಿಗೆ ಕಾಲಮಿತಿಯೇ ಇಲ್ಲ ಅಂತ ಅದನ್ನು ಹುಟ್ಟಿಸಿದ ರೋಮ್ ಶಾಸನದ 29ನೇ ವಿಧಿಯಲ್ಲಿ ಬರೆದಿದೆ.