ಮಳಿಗೆ, ಮಾಳಿಗೆ

ದಿನಕ್ಕೆ ನಲವತ್ತು ನಿಮಿಷ ನಡೆಯಿರಿ ಎಂದರು ಡಾಕ್ಟರು. ಎಲ್ಲಿ ನಡೆಯಬೇಕು ಅಂತ ಹೇಳಲಿಲ್ಲ. ಅದು ಅವರ ಶಾಸ್ತ್ರಕ್ಕೆ ಸೇರಿದ್ದಲ್ಲ. ಹಾಗಾಗಿ ತುಮಕೂರಿನ ಮಿಕ್ಕವರಂತೆ ನಾನೂ ಬೆಳಗಾದರೆ ಸ್ಕೂಟರ್ ಹತ್ತಿ ಅಮಾನಿಕೆರೆಗೆ ಹೋಗುತ್ತೇನೆ. ಗಾಡಿ ನಿಲ್ಲಿಸಿ, ಕೆರೆಯ ದಂಡೆಯಲ್ಲಿ ಕೈ ಬೀಸಿಕೊಂಡು ನಡೆದು, ಬೆವರು ಒರೆಸಿಕೊಂಡು, ಮತ್ತೆ ಸ್ಕೂಟರ್ ಹತ್ತಿ ಮನೆಗೆ ಬರುತ್ತೇನೆ. ನಮ್ಮೂರಲ್ಲಿ ನಡಿಗೆ ಈಗ ಗುಳಿಗೆಯಾಗಿದೆ. ಬರೀ ಹೊಟ್ಟೆಯಲ್ಲಿ ಒಂದು ಸಲ ತೆಗೆದುಕೊಂಡರೆ ಆಯಿತು, ಮಿಕ್ಕ ಹೊತ್ತು ಮುಟ್ಟುವಂತಿಲ್ಲ.

ಮನೆಯೊಳಗೆ ಕಾಲಿಡುವಷ್ಟರಲ್ಲಿ ಒಳಗಿನಿಂದ ದನಿ ಬರುತ್ತದೆ: "ಕರಿಬೇವು ತಂದ್ರೇನ್ರೀ?" ತಂದಿರುವುದಿಲ್ಲ. ಮತ್ತೆ ಸ್ಕೂಟರ್. ನಮ್ಮ ಲೇಔಟಿನಲ್ಲಿ ಮೂವತ್ತು ನಲವತ್ತರ ಸೈಟು, ಮನೆ ಮುಂದೆ ಕಾರು, ಗೇಟಿನಲ್ಲಿ 'ನಾಯಿ ಇದೆ ಎಚ್ಚರಿಕೆ' ಎಲ್ಲ ಇದೆ. ಕರಿಬೇವು ಮಾತ್ರ ಒಂದೂವರೆ ಕಿಲೋಮೀಟರ್ ಆಚೆ ಇದೆ. ಹತ್ತು ರೂಪಾಯಿ ಸೊಪ್ಪಿಗೆ ಎಷ್ಟು ಪೆಟ್ರೋಲು ಸುಡುತ್ತದೆಂದು ಲೆಕ್ಕ ಹಾಕಿಲ್ಲ. ಹಾಕಿದರೆ ಒಗ್ಗರಣೆ ರುಚಿಸುವುದಿಲ್ಲ.

ಮೊನ್ನೆ ಬೆಂಗಳೂರಿನಿಂದ ಅಕ್ಕನ ಮಗ ಬಂದಿದ್ದ. ನಗರ ಯೋಜನೆ ಓದುತ್ತಿರುವ ಹುಡುಗ. ಲ್ಯಾಪ್‌ಟಾಪ್ ತೆರೆದು ಒಂದು ಚಿತ್ರ ತೋರಿಸಿದ. ಎರಡೂ ಬದಿ ಮರ, ಅಗಲವಾದ ಕಾಲುದಾರಿ, ಕೆಳಗೆ ಅಂಗಡಿ, ಮೇಲೆ ಮನೆ, ಬೆಂಚಿನ ಮೇಲೆ ಕಾಫಿ ಕುಡಿಯುವ ಜೋಡಿ. ಒಂದು ಸ್ಕೂಟರ್ ಇಲ್ಲ, ಒಂದು ಹಸು ಇಲ್ಲ, ಶುಭಾಶಯ ಕೋರುವ ಒಂದು ಫ್ಲೆಕ್ಸೂ ಇಲ್ಲ.

"ಯಾವ ದೇಶವೋ ಇದು?"

"ತುಮಕೂರೇ ಮಾವ. ವಾಕಬಲ್, ಮಿಕ್ಸೆಡ್ ಯೂಸ್ ಡೌನ್‌ಟೌನ್. ಇದಕ್ಕೆ ಕನ್ನಡದಲ್ಲಿ ಏನಂತಾರೆ?"

ನನ್ನ ಬಾಯಿಂದ ತಟ್ಟನೆ ಬಂತು: "ಪೇಟೆ ಅಂತಾರೆ."

ಅವನು ನಕ್ಕ. ನಾನು ತಮಾಷೆಗೆ ಹೇಳಿರಲಿಲ್ಲ. ಚಿಕ್ಕಪೇಟೆ, ಮಂಡಿಪೇಟೆ, ಹೊರಪೇಟೆ ಎಂದು ಊರಿನ ಮೈಮೇಲೆಲ್ಲ ಆ ಪದವನ್ನು ಹಚ್ಚೆ ಹಾಕಿಸಿಕೊಂಡವರು ನಾವು. ಕೆಳಗೆ ಮಳಿಗೆ, ಮೇಲೆ ಮಾಳಿಗೆ. ವ್ಯಾಪಾರಕ್ಕೂ ಸಂಸಾರಕ್ಕೂ ನಡುವೆ ಇದ್ದದ್ದು ಒಂದು ದೀರ್ಘದ ದೂರ.

ಚಿಕ್ಕಪೇಟೆಯ ನಮ್ಮಜ್ಜನ ಮನೆಗೆ ಒಂದು ಜಗಲಿ ಇತ್ತು. ಎರಡಡಿ ಎತ್ತರ, ಒಬ್ಬರು ಕಾಲು ಚಾಚುವಷ್ಟು ಅಗಲ, ಅಂಚು ಸವೆದು ನುಣುಪಾದ ಕಲ್ಲುಚಪ್ಪಡಿ. ಬೆಳಿಗ್ಗೆ ಅದರ ಮೇಲೆ ಹಾಲಿನವನ ಕ್ಯಾನು. ಹತ್ತರ ಹೊತ್ತಿಗೆ ಮಂಡಿಗೆ ಬಂದ ಹಳ್ಳಿಯವರ ಚೀಲ, ಚೀಲದ ಪಕ್ಕ ಚೀಲದ ಯಜಮಾನ. ಮಧ್ಯಾಹ್ನ ಅಜ್ಜಿಯ ಹಪ್ಪಳ, ಹಪ್ಪಳಕ್ಕೆ ಕಾವಲಾಗಿ ನಾನು. ಸಂಜೆ ಒಂದೇ ಪತ್ರಿಕೆಯನ್ನು ಹಾಳೆ ಹಾಳೆ ಹಂಚಿಕೊಂಡು ಓದುವ ನಾಲ್ವರು. ರಾತ್ರಿ ಕುಣಿಗಲ್ಲಿನ ಕೊನೇ ಬಸ್ಸು ತಪ್ಪಿಸಿಕೊಂಡ ನೆಂಟ. ಈಗಿನವರು ಭೂಬಳಕೆ ಬದಲಾವಣೆಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುತ್ತಾರೆ. ಅಜ್ಜ ಅದೇ ಕಲ್ಲಿಗೆ ದಿನಕ್ಕೆ ಐದು ಸಲ ಮಾಡಿಕೊಡುತ್ತಿದ್ದರು, ಶುಲ್ಕವಿಲ್ಲದೆ.

ಹಾಗಂತ ಪೇಟೆ ಸ್ವರ್ಗವಾಗಿರಲಿಲ್ಲ. ಮಂಡಿಯಲ್ಲಿ ಮೆಣಸಿನಕಾಯಿ ಮೂಟೆ ಇಳಿದರೆ ಮಾಳಿಗೆಯ ಮೇಲಿದ್ದವರೆಲ್ಲ ಸೀನುತ್ತಿದ್ದರು. ನಡುಮನೆಗೆ ಬಿಸಿಲು ಬೀಳುತ್ತಿರಲಿಲ್ಲ, ಚರಂಡಿ ಮಾತ್ರ ಬಿಸಿಲು ಕಾಯಿಸುತ್ತಿತ್ತು. ಜಗಲಿಯ ಮೇಲೆ ಯಾರು ಕೂರಬಹುದು, ಯಾರು ಬೀದಿಯಲ್ಲೇ ನಿಂತು ಮಾತಾಡಿಸಬೇಕು ಎನ್ನುವುದಕ್ಕೆ ಬರೆಯದ ಕಾನೂನೊಂದಿತ್ತು. ಅದನ್ನು ಯಾರೂ ಹೇಳಿಕೊಡದಿದ್ದರೂ ಎಲ್ಲರಿಗೂ ಬಾಯಿಪಾಠವಾಗಿತ್ತು. ಈ ಮೂರೂ ಹೋಗಬೇಕಾದವೇ. ತಮಾಷೆಯೆಂದರೆ ಹೋಗಿದ್ದು ಜಗಲಿ.

ಹುಡುಗ ಮತ್ತೊಂದು ಪುಟ ತೆರೆದ. ಅಮೆರಿಕದಲ್ಲಿ ಜೇನ್ ಜೇಕಬ್ಸ್ ಎಂಬ ಲೇಖಕಿ 1961ರಲ್ಲಿ ಪುಸ್ತಕ ಬರೆದು, ಅಂಗಡಿ-ಮನೆ ಬೆರೆತಿದ್ದರೇ ಬೀದಿಗೆ ಜೀವ, ಕಿಟಕಿಯಲ್ಲಿ ಕೂತವರ ಕಣ್ಣೇ ಬೀದಿಗೆ ಕಾವಲು ಎಂದು ವಾದಿಸಿದರಂತೆ. ನಮ್ಮಜ್ಜಿ ಆ ಪುಸ್ತಕ ಓದಿರಲಿಲ್ಲ, ಆದರೆ ಮಾಳಿಗೆ ಕಿಟಕಿಯಿಂದ ಅವರು ನೋಡದೆ ಚಿಕ್ಕಪೇಟೆಯಲ್ಲಿ ಒಂದು ಬೆಕ್ಕೂ ರಸ್ತೆ ದಾಟಿದ್ದಿಲ್ಲ. ನಮ್ಮ ರಾಜ್ಯದ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯೂ ಅದೇ 1961ರದ್ದು. ನಗರದ ನಕ್ಷೆಗಳಲ್ಲಿ ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರ್ಖಾನೆಗೆ ನೇರಳೆ. ಕಾರ್ಖಾನೆಯ ಹೊಗೆ ತೊಟ್ಟಿಲಿಗೆ ಬರಬಾರದು, ಸರಿಯೇ. ಹಳದಿಯೊಳಗೆ ಸಣ್ಣಪುಟ್ಟ ಅಂಗಡಿಗೆ ನಿಯಮದಲ್ಲಿ ಎಡೆಯೂ ಇದೆ. ಆದರೆ ನಮ್ಮ ಲೇಔಟಿನ ಮೂಲೆ ಮನೆಯವರು ಗ್ಯಾರೇಜಿನಲ್ಲಿ ತರಕಾರಿ ಇಟ್ಟಾಗ ಏನಾಯಿತು? ರೆಸಿಡೆನ್ಷಿಯಲ್ ಏರಿಯಾ ಕೆಡುತ್ತದೆ ಎಂದು ನಾವೇ ಸಭೆ ಸೇರಿ ಮುಚ್ಚಿಸಿದೆವು. ನಾನೂ ಸಹಿ ಹಾಕಿದ್ದೆ. ಕರಿಬೇವಿನ ವಿಷಯ ಆಗ ಹೊಳೆದಿರಲಿಲ್ಲ.

"ಪೇಟೆ ಇನ್ನೂ ಉಳಿದಿರೋ ಗುಬ್ಬಿ ನೋಡೋಣ ಬಾ" ಎಂದು ಅವನನ್ನು ಬಸ್ಸು ಹತ್ತಿಸಿದೆ. ಇಪ್ಪತ್ತು ಕಿಲೋಮೀಟರ್ ದಾರಿ. ಈಗ ಗುಬ್ಬಿ ತಾಲ್ಲೂಕಿಗೆ ಹೆಲಿಕಾಪ್ಟರ್ ಕಾರ್ಖಾನೆ ಬಂದಿದೆ. ಬಿದರೆಹಳ್ಳ ಕಾವಲಿನ ಆ ಎಚ್‌ಎಎಲ್ ಘಟಕ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಹಾರುವವರ ವ್ಯವಸ್ಥೆ ಆಯಿತಲ್ಲ, ಇನ್ನು ನಡೆಯುವವರದ್ದು ನೋಡಬೇಕು. ಬಸ್ಸಿಳಿದರೆ ಊರು ಕಾಲಡಿಗೇ ಬಂತು. ಹೂವು, ಹೊಲಿಗೆ, ಗೊಬ್ಬರ, ಬ್ಯಾಂಕು, ಚಪ್ಪಲಿ ಅಂಗಡಿ, ಅಂಗಡಿಯ ಮೇಲೆ ಒಣಗುವ ಸೀರೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿ ಈ ಊರಿನದು. ಆಗ ನಾಟಕ ಬಿಟ್ಟ ಮೇಲೆ ಜನ ಹಾಡು ಗುನುಗುತ್ತ ನಡೆದೇ ಮನೆ ಸೇರಿರಬೇಕು. ಇವತ್ತು ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿ ಕೊನೆಯ ಅಂಕ ಬರುವ ಮುಂಚೆಯೇ ಅರ್ಧ ಸಭೆ ಆಟೋ ಚಿಂತೆಯಲ್ಲಿ ಎದ್ದಿರುತ್ತದೆ.

ಕುಣಿಗಲ್ಲಿನ ಕಥೆ ಬೇರೆ. ಬೆಂಗಳೂರು-ಹಾಸನದ ಹೆದ್ದಾರಿ ಊರನ್ನು ಬಳಸಿ ಹೊರಗಿನಿಂದಲೇ ಹೋಗುತ್ತದೆ. ಲಾರಿಗಳ ಕಾಟ ತಪ್ಪಿದ ಹಳೇ ರಸ್ತೆ ಕಾಲಿಗೆ ಸಿಗಬೇಕಿತ್ತು. ನಾವು ಹೋದ ದಿನ ಅದು ಕಾರುಗಳಿಗೆ ಸಿಕ್ಕಿತ್ತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿದ ಊರು. ಸ್ಟಡ್ ಫಾರ್ಮಿನ ಕುದುರೆಗೆ ಅಡ್ಡಾಡಲು ನೂರಾರು ಎಕರೆ ಸಿಕ್ಕಿತು, ಅದರ ಎದುರು ಓಡಾಡುವ ಮನುಷ್ಯನಿಗೆ ಚರಂಡಿ ಚಪ್ಪಡಿಯೇ ಗತಿ.

ತುಮಕೂರು 2016ರ ಸೆಪ್ಟೆಂಬರಿನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಆಮೇಲೆ ಕೆಲವು ವರ್ಷ ಊರೆಲ್ಲ ಅಗೆತ. ಕೊನೆಗೆ ಹಲವು ರಸ್ತೆಗಳಿಗೆ ಒಳ್ಳೆಯ ಫುಟ್‌ಪಾತೂ ಬಂತು, ಸುಳ್ಳು ಹೇಳಬಾರದು. ಊರಿಗೆ ಮರಳಿದ ಮೇಲೆ ಹುಡುಗ ಟೇಪು ಹಿಡಿದು ಒಂದು ಕಡೆ ಅಳೆಯತೊಡಗಿದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಕಾಲುದಾರಿ ಅಡೆತಡೆಯಿಲ್ಲದೆ ಕನಿಷ್ಠ 1.8 ಮೀಟರ್ ಇರಬೇಕಂತೆ. ಅಂದರೆ ಆರಡಿ, ಇಬ್ಬರು ಗಂಡಸರು ರಾಜಕೀಯ ಮಾತಾಡುತ್ತ ಜೊತೆಯಾಗಿ ನಡೆಯುವಷ್ಟು. ಅಳತೆ ಸರಿಯಾಗಿಯೇ ಇತ್ತು. ಆ ಆರಡಿಯೊಳಗೆ ಒಂದು ಟ್ರಾನ್ಸ್‌ಫಾರ್ಮರ್, ಬಟ್ಟೆ ಅಂಗಡಿಯ ಎರಡು ಗೊಂಬೆ, ಮೂರು ಮೆಟ್ಟಿಲು, ಸಾಲಾಗಿ ಬೈಕು, ಕೊನೆಗೆ ಅಡ್ಡಡ್ಡ ನಿಂತ ಒಂದು ಬೂದು ಸ್ಕೂಟರ್.

ಹೂವಿನ ಅಮ್ಮ ಮಾತ್ರ ಗೋಡೆಗೆ ಒತ್ತಿಕೊಂಡು, ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. "ಬೀದಿ ವ್ಯಾಪಾರಿಗಳನ್ನ ಎಬ್ಬಿಸಿದ್ರೆ ಜಾಗ ಆಗುತ್ತೆ ಅಂತಾರೆ ಮಾವ. 2014ರ ಕಾಯ್ದೆ ಅವರಿಗೆ ಜಾಗ ಗುರುತಿಸಿ ಕೊಡಿ ಅನ್ನುತ್ತೆ" ಎಂದ ಹುಡುಗ. ನಾನು ನೋಡಿದೆ. ಆಕೆ ಹಿಡಿದಿದ್ದ ಜಾಗ ಎರಡಡಿ. ಸ್ಕೂಟರ್ ಹಿಡಿದಿದ್ದು ಆರಡಿ. ಆಕೆಯಿಂದ ಒಂದು ಮೊಳ ಮಲ್ಲಿಗೆ ಸಿಗುತ್ತಿತ್ತು. ಸ್ಕೂಟರಿನಿಂದ ಏನೂ ಸಿಗುತ್ತಿರಲಿಲ್ಲ.

ಅಷ್ಟರಲ್ಲಿ ಕೈಯಲ್ಲಿ ಔಷಧಿ ಚೀಟಿ ಹಿಡಿದ ವಯಸ್ಸಾದ ಹೆಂಗಸೊಬ್ಬರು ಬಂದರು. ಸ್ಕೂಟರ್ ನೋಡಿ ನಿಂತರು. ಸೀರೆ ನೆರಿಗೆ ಎತ್ತಿ, ನೋಯುವ ಮಂಡಿ ಹಿಡಿದು ರಸ್ತೆಗಿಳಿದು, ಬಸ್ಸಿನ ಹಾರನ್ನು ತಿಂದು, ಸುತ್ತಿ ಬಂದು ಮತ್ತೆ ಹತ್ತಿದರು.

"ಎಂಥ ಜನ ಮಾವ! ಯಾರದೋ ಇದು?" ಎಂದ ಹುಡುಗ.

ನಾನು ಜೇಬಿನಿಂದ ಕೀಲಿ ತೆಗೆದೆ.

ಡೌನ್‌ಟೌನ್ ಯಾವಾಗ ಬರುತ್ತದೋ ಬರಲಿ. ಸದ್ಯಕ್ಕೆ ನಿಮ್ಮ ಬೀದಿಯ ಗ್ಯಾರೇಜಿನಲ್ಲಿ ಯಾರಾದರೂ ಸೊಪ್ಪು ಮಾರಲು ಕೂತರೆ ಅರ್ಜಿಗೆ ಸಹಿ ಹಾಕಬೇಡಿ, ಒಂದು ಕಟ್ಟು ಕೊಳ್ಳಿ. ನಡೆದುಕೊಂಡು ಹೋಗಿ ಕೊಳ್ಳಿ.