ಕಲಾವತಿಯ ದೋಣಿ, ಮಿಶಿಗನ್ನಿನ ಚೆಂಡು

ಅಮೆರಿಕದ ಕಾಲೇಜು ಫುಟ್‌ಬಾಲು ಗಂಡಸರ ಆಟ ಅಂತ ಯಾರಾದರೂ ಅಂದರೆ ನಾನು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಲ್ಲುತ್ತೇನೆ. ಮೈದಾನದಲ್ಲಿ ಬಿದ್ದು ಏಳುವವರು ಗಂಡುಹುಡುಗರೇ ಇರಬಹುದು, ಒಪ್ಪಿದೆ. ಆದರೆ ಶುಕ್ರವಾರ ರಾತ್ರಿ ನಿದ್ದೆಗೆಡುವವರು, ಸೋತ ದಿನ ಸಾರಿಗೆ ಉಪ್ಪು ಹಾಕಲು ಮರೆಯುವವರು, ಗೆದ್ದ ದಿನ ಹಾಕಿದ್ದ ಕಾಲುಚೀಲವನ್ನು ಒಗೆಯದೆ ಮುಂದಿನ ಶನಿವಾರಕ್ಕೆ ಎತ್ತಿಡುವವರು ಯಾರು? ನಮ್ಮ ಮನೆಯಲ್ಲಂತೂ ನಮ್ಮ ಯಜಮಾನರಲ್ಲ. ಅವರಿಗೆ ಕ್ರಿಕೆಟ್ಟು ಬಿಟ್ಟರೆ ಬೇರೆಯದು ಆಟವೇ ಅಲ್ಲ. "ಇದೇನೇ ಇದು, ಐದು ಸೆಕೆಂಡು ಗುದ್ದಾಡ್ತಾರೆ, ಆಮೇಲೆ ಮೀಟಿಂಗ್ ಮಾಡ್ತಾರೆ" ಅನ್ನುತ್ತಾರೆ. ಐದು ದಿನ ಆಡಿ ಡ್ರಾ ಮಾಡಿಕೊಳ್ಳುವವರ ಕಡೆಯವರು ಆಡುವ ಮಾತೇ ಇದು?

ಹುಚ್ಚು ಹಿಡಿಸಿದ್ದು ಮಗಳು. ಆ್ಯನ್ ಆರ್ಬರ್‌ನ ಮಿಶಿಗನ್ ವಿಶ್ವವಿದ್ಯಾಲಯದ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಅವಳನ್ನು ನೋಡೋಣವೆಂದು ಹೋದೆ. 1927ರ ಕ್ರೀಡಾಂಗಣ, ಊರವರ ಬಾಯಲ್ಲಿ 'ಬಿಗ್ ಹೌಸ್'. ರಸ್ತೆಯಿಂದ ನೋಡಿದರೆ ಅಷ್ಟೇನೂ ಎತ್ತರವಿಲ್ಲ. ಒಳಗೆ ಕಾಲಿಟ್ಟರೆ ನೆಲದೊಳಕ್ಕೆ ಇಳಿಯುತ್ತಲೇ ಹೋಗುತ್ತದೆ, 1,07,601 ಜನ ಕೂರುವಷ್ಟು. ಡ್ರಮ್ ಮೇಜರ್ ಹಿಂದಕ್ಕೆ ಬಿಲ್ಲಿನಂತೆ ಬಾಗಿ ನೆತ್ತಿಯನ್ನು ನೆಲಕ್ಕೆ ತಾಗಿಸಿದ. ಲಕ್ಷ ಜನ ಒಂದೇ ಗಂಟಲಲ್ಲಿ ಕೂಗಿದರು. ಆ ಕೂಗಿನಲ್ಲಿ ನನ್ನದೂ ಸೇರಿತ್ತೆಂದು ಪಕ್ಕದಲ್ಲಿದ್ದ ಅಜ್ಜಿ ಬೆನ್ನು ತಟ್ಟಿದಾಗಲೇ ಗೊತ್ತಾದದ್ದು. ಮಗಳು ಯಾವ ಸಾಲಿನಲ್ಲಿದ್ದಳೋ, ನೋಡಲೇ ಇಲ್ಲ. ಅವಳು ಪಾಸಾಗಿ ಸಿಯಾಟಲ್‌ನಲ್ಲಿ ಕೆಲಸಕ್ಕೆ ಸೇರಿದ್ದೂ ಆಯಿತು. ಅವ್ವ ಮಾತ್ರ ಇನ್ನೂ ಕಾಲೇಜು ಬಿಟ್ಟಿಲ್ಲ.

ಆ ಬ್ಯಾಂಡಿನಲ್ಲಿ 1972ರ ತನಕ ಹುಡುಗಿಯರಿಗೆ ಜಾಗವೇ ಇರಲಿಲ್ಲ. 'ಟೈಟಲ್ ನೈನ್' ಕಾನೂನು ಬಂದ ವರ್ಷ ಬಾಗಿಲು ತೆರೆಯಿತು. ಪೀಪಿ ಊದಲಿಕ್ಕೂ ಕಾನೂನು ಬರಬೇಕಾಯಿತು ನೋಡಿ. ಕನ್ನಡ ಕೂಟದ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವರೊಬ್ಬರಿಗೆ ಇದನ್ನು ಹೇಳಬೇಕು ಅಂತ ಆಗಾಗ ಅನ್ನಿಸುವುದುಂಟು. ನನ್ನ ಹಳದಿ ಟೋಪಿ ನೋಡಿ, "ಮೇಡಂ, ನಿಮಗೆ ಇದರ ರೂಲ್ಸೆಲ್ಲ ಅರ್ಥ ಆಗುತ್ತಾ?" ಅಂದರು. ಉತ್ತರಕ್ಕೂ ಕಾಯದೆ ಪಾಠ ಶುರು ಮಾಡಿದರು: ಹತ್ತು ಗಜ ಮುಂದೊತ್ತಲು ನಾಲ್ಕು ಅವಕಾಶ, ಗೆರೆ ದಾಟಿದರೆ ಟಚ್‌ಡೌನು, ಆರು ಪಾಯಿಂಟು, ಕಂಬದ ನಡುವೆ ಒದ್ದರೆ ಫೀಲ್ಡ್ ಗೋಲು, ಎರಡು ಪಾಯಿಂಟು. ಮೂರು ಸ್ವಾಮೀ, ಮೂರು! ಕೈಯಲ್ಲಿ ಬಿಸಿಬೇಳೆಬಾತಿನ ತಟ್ಟೆ ಇದ್ದದ್ದರಿಂದ ಅವರು ಬಚಾವಾದರು.

ಇರಲಿ. ಹೇಳಹೊರಟದ್ದು 2023ರ ನವೆಂಬರ್ 25ರ ಸಂಗತಿ.

ಮಿಶಿಗನ್ನಿಗೂ ಓಹಾಯೋ ಸ್ಟೇಟಿಗೂ ಆಟವೆಂದರೆ ಈ ಕಡೆಯವರು ಹೆಸರೂ ಹೇಳುವುದಿಲ್ಲ, ಬರೀ 'ದ ಗೇಮ್'. ಥ್ಯಾಂಕ್ಸ್‌ಗಿವಿಂಗಿನ ಮರುಶನಿವಾರ, ಮಧ್ಯಾಹ್ನ ಹನ್ನೆರಡಕ್ಕೆ. ಆ ವರ್ಷ ಎರಡೂ ತಂಡ ಹನ್ನೊಂದಕ್ಕೆ ಹನ್ನೊಂದು ಗೆದ್ದು ಬಂದಿದ್ದವು. ನಮ್ಮ ಕೋಚ್ ಜಿಮ್ ಹಾರ್ಬಾ ಮೇಲೆ ಬೇರೆ ನಿಷೇಧ, ಮೈದಾನಕ್ಕೆ ಬರುವಂತಿಲ್ಲ. ಅಂಥ ದಿನ, ಅಂಥ ಹೊತ್ತಿಗೆ, ಸ್ನೇಹಿತೆಯೊಬ್ಬಳ ಮನೆಯಲ್ಲಿ ಸತ್ಯನಾರಾಯಣ ಪೂಜೆ! ಕಾರ್ತಿಕ ಮಾಸವಂತೆ, ಎಲ್ಲರಿಗೂ ರಜವಂತೆ. ಎಲ್ಲರಿಗೂ ಅಂದರೆ ಯಾರಿಗೆ? ಲಕ್ಷ ಜನಕ್ಕೆ ಅಂದು ಮೈತುಂಬ ಕೆಲಸ.

ಸತ್ಯನಾರಾಯಣನನ್ನು ಎದುರು ಹಾಕಿಕೊಳ್ಳುವ ಧೈರ್ಯವಿಲ್ಲದೆ ಹೋದೆ. ಜೋಳದ ಹಳದಿ ಸೀರೆ, ಗಾಢ ನೀಲಿ ಅಂಚು, ನಮ್ಮ ತಂಡದ್ದೇ ಬಣ್ಣ. "ಎಷ್ಟು ಮಂಗಳಕರವಾಗಿ ಬಂದಿದ್ದೀಯೇ" ಅಂತ ಮನೆಯಾಕೆ ಅರಿಶಿನ ಕುಂಕುಮ ಕೊಟ್ಟಳು. ಕಂಬದ ಮರೆಯಲ್ಲಿ ಕೂತು ಫೋನನ್ನು ನೆರಿಗೆಯೊಳಗೆ ಆನಿಸಿ ಎದುರಿಗೆ ನೋಡುತ್ತೇನೆ, ಆ ಬದಿಯಲ್ಲಿ ಒಬ್ಬಳು ಕೆಂಪು ಸೀರೆಯವಳು. ಕೆಂಪು ಸರಿ. ರವಿಕೆ ಬೂದು! ಪೂಜೆಗೆ ಯಾರಾದರೂ ಬೂದು ರವಿಕೆ ತೊಡುತ್ತಾರೆಯೇ? ವಿಚಾರಿಸಿದರೆ ಮನೆಯಾಕೆಯ ನಾದಿನಿ, ಕೊಲಂಬಸ್‌ನಿಂದ ಬಂದವಳು, ಓಹಾಯೋ ಸ್ಟೇಟಿನಲ್ಲೇ ಓದಿದವಳು. 'ದ ಗೇಮ್' ಇರುವ ವಾರ ಆ ಕ್ಯಾಂಪಸ್ಸಿನ ಬೋರ್ಡುಗಳಲ್ಲಿ ಎಂ ಅಕ್ಷರ ಕಂಡಲ್ಲೆಲ್ಲ ಕೆಂಪು ಟೇಪಿನಿಂದ ಗೀಟು ಹೊಡೆಯುತ್ತಾರೆ. ಅವಳ ಮಡಿಲಲ್ಲೂ ಏನೋ ಹೊಳೆಯುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದೆವು. ನಡುವೆ ಕಲಶ, ಬಾಳೆಕಂಬ, ಮೂವತ್ತು ಜನ ನೆಂಟರು.

ಆಮೇಲೆ ಒಂದು ಭಯಂಕರ ಸತ್ಯ ಹೊಳೆಯಿತು. ಅವಳ ಫೋನು ನನ್ನದಕ್ಕಿಂತ ಅರ್ಧ ನಿಮಿಷ ಮುಂದಿತ್ತು. ನನ್ನ ಫೋನಿನಲ್ಲಿ ನಮ್ಮ ಹುಡುಗರು ಇನ್ನೂ ಸಾಲಾಗಿ ಬಗ್ಗಿ ನಿಂತಿರುವಾಗಲೇ ಅವಳು ಹಲ್ಲು ಕಚ್ಚುತ್ತಿದ್ದಳು. ಅಂದರೆ ಆಟದ ಭವಿಷ್ಯವೆಲ್ಲ ಆ ಹೆಂಗಸಿನ ಮುಖದ ಮೇಲಿತ್ತು. ನಾನು ಫೋನು ನೋಡುವುದನ್ನೇ ಬಿಟ್ಟೆ. ಅವಳ ಹುಬ್ಬು ಏರಿತು: ಅವರಿಗೆ ಹತ್ತು ಗಜ ದಕ್ಕಿತು. ಮೂಗುತಿ ಅದುರಿತು: ನಮಗೆ ದಕ್ಕಿತು. ಅಕ್ಷತೆ ಹಿಡಿದ ಮುಷ್ಟಿ ಬಿಗಿಯಿತು: ಥರ್ಡ್ ಡೌನು, ಇನ್ನೂ ಏನೂ ಆಗಿಲ್ಲ. ಪುರೋಹಿತರು ನಮ್ಮಿಬ್ಬರ ಏಕಾಗ್ರತೆಗೆ ಮೆಚ್ಚಿ ಕತೆಯನ್ನು ನಮ್ಮ ಕಡೆಗೇ ತಿರುಗಿ ಹೇಳತೊಡಗಿದರು.

ಸಾಧು ವೈಶ್ಯ ಸೆರೆಮನೆಗೆ ಹೋದ ಹೊತ್ತಿಗೆ ಅವಳು ಬಾಯಿ ಮೇಲೆ ಕೈಯಿಟ್ಟುಕೊಂಡಳು. ಟಚ್‌ಡೌನ್ ನಮ್ಮದೇ ಅಂತ ಒಳಗೇ ಹಿಗ್ಗಿದೆ. ಅರ್ಧ ನಿಮಿಷ ಕಳೆದು ನನ್ನ ಫೋನಿನಲ್ಲೂ ಬಂತು: ನಮ್ಮ ಝಾಕ್ ಝಿಂಟರ್ ಕಾಲು ಮುರಿದುಕೊಂಡು ಬಿದ್ದಿದ್ದ. ಗಾಡಿ ಒಳಗೆ ಬಂತು, ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ಮೌನ. ಅವಳ ಕಣ್ಣಲ್ಲಿ ನೀರಿತ್ತು; ಅವಳ ತಂಡದವನೇ ಅಲ್ಲ ಅವನು. ಇಷ್ಟೆಲ್ಲ ಮಜಾ ತೆಗೆದುಕೊಳ್ಳುವ ನಾವು, ಅಲ್ಲಿ ಬೀಳುವವರು ಯಾರೋ ಹೆತ್ತ ಮಕ್ಕಳು ಅನ್ನುವುದನ್ನು ವಾರವಿಡೀ ಮರೆತಿರುತ್ತೇವೆ. ತಲೆಗೆ ಬೀಳುವ ಪೆಟ್ಟು ಕಾಲಿನದರಂತೆ ಕಣ್ಣಿಗೂ ಕಾಣುವುದಿಲ್ಲ. ನನ್ನ ಮಗನನ್ನು ಈ ಆಟಕ್ಕೆ ಕಳಿಸುತ್ತಿದ್ದೆನೇ? ಖಂಡಿತ ಇಲ್ಲ. ಹಾಗಂತ ನೋಡುವುದು ಬಿಟ್ಟೆನೇ? ಮರುಕ್ಷಣದ ಆಟದಲ್ಲೇ ಬ್ಲೇಕ್ ಕೋರಮ್ 22 ಗಜ ಓಡಿ ಗೆರೆ ದಾಟಿ, ಝಿಂಟರನ ನಂಬರು 65 ಅಂತ ಬೆರಳಲ್ಲಿ ತೋರಿಸಿದ. ನಾನು ಬಿಕ್ಕಿದೆ. ಪಕ್ಕದ ಅಜ್ಜಿ, "ಭಕ್ತಿ ಅಂದರೆ ಹೀಗಿರಬೇಕು" ಅಂದರು.

ಕೊನೆಯ ನಿಮಿಷ. ನಮಗೆ 30, ಅವರಿಗೆ 24. ಚೆಂಡು ಅವರ ಕೈಯಲ್ಲಿ; ಒಂದು ಟಚ್‌ಡೌನು, ಮೇಲೊಂದು ಒದೆತ, ನಮ್ಮ ಕತೆ ಮುಗಿಯಿತು. ಇತ್ತ ಕಲಾವತಿ ಪ್ರಸಾದ ಬಿಟ್ಟು ಗಂಡನನ್ನು ನೋಡಲು ನದಿಯ ಕಡೆಗೆ ಓಡುತ್ತಿದ್ದಾಳೆ. ನಾನು ಕೆಂಪು ಸೀರೆಯ ಮುಖ ಬಿಟ್ಟು ಕದಲಿಲ್ಲ. ಅವಳ ತುಟಿ ಬಿಗಿಯಿತು. ಕಣ್ಣು ಅರಳಿತು. ಅಯ್ಯೋ ಹೋಯಿತು ಅಂದುಕೊಂಡೆ. ಅರಳಿದ ಕಣ್ಣು ಹಾಗೇ ನಿಂತಿತು. ಕತ್ತು ಒಂದು ಕಡೆ ವಾಲಿತು. ಕೈಯಿಂದ ಅಕ್ಷತೆ ಜಾರಿ ಉದುರಿತು. "ದೋಣಿ ಮುಳುಗಿಯೇ ಹೋಯಿತು!" ಅಂದರು ಪುರೋಹಿತರು.

"ಹೌದು!" ಅಂತ ಚೀರಿ ಎದ್ದು ನಿಂತೆ.

ಮೂವತ್ತು ಮುಖ ಇತ್ತ ತಿರುಗಿದವು. ಫೋನು ನೆರಿಗೆಯಿಂದ ಜಾರಿ ಚಾಪೆಗೆ ಬಿತ್ತು, ಆಗ ಅದರೊಳಗೆ ನಮ್ಮ ರಾಡ್ ಮೂರ್ ಚೆಂಡನ್ನು ಕಸಿದುಕೊಂಡ. ಉಳಿದದ್ದು 25 ಸೆಕೆಂಡು. ಪುರೋಹಿತರು ಗಂಭೀರವಾಗಿ ಕೇಳಿದರು, "ಯಾರು ಗೆದ್ದದ್ದು?" ಅವರ ಮಗ ಆ್ಯನ್ ಆರ್ಬರ್‌ನಲ್ಲೇ ಓದುತ್ತಿದ್ದನಂತೆ. ಈ ಪ್ರಶ್ನೆಯನ್ನು ಅವರು ಕೇಳಿದ್ದು ನನ್ನನ್ನಲ್ಲ, ನಮ್ಮ ಯಜಮಾನರನ್ನು! ಅವರು ಸಜ್ಜಿಗೆಯ ಪಾತ್ರೆ ನೋಡುತ್ತಾ ಕೂತಿದ್ದವರು, ನನ್ನ ಮುಖ ನೋಡಿದರು.

ಕೊಲಂಬಸ್ಸಿನವಳು ಪ್ರಸಾದ ಮುಟ್ಟದೆ ಬೇಸ್ಮೆಂಟಿಗೆ ಇಳಿದುಹೋದಳು. ಕಲಾವತಿಗಾದ ಗತಿ ಕೇಳಿಯೂ ಹೀಗೆ ಮಾಡುವುದೇ? ನಾನೇ ದೊನ್ನೆಯಲ್ಲಿ ಸಜ್ಜಿಗೆ ಒಯ್ದೆ. "ನಿಮ್ಮ ಫೋನು ಸ್ಲೋ" ಅಂದಳು. "ನಿಮ್ಮ ಟೀಮು ಸ್ಲೋ" ಅಂದೆ. ಅಲ್ಲಿಂದ ನಾವು ಪ್ರಾಣಸ್ನೇಹಿತೆಯರು. ಆ ಜನವರಿಯಲ್ಲಿ ನಾವು ವಾಷಿಂಗ್ಟನ್ ವಿಶ್ವವಿದ್ಯಾಲಯವನ್ನು 34-13ರಿಂದ ಸೋಲಿಸಿ ರಾಷ್ಟ್ರೀಯ ಚಾಂಪಿಯನ್ನರಾದೆವು. ಆ ವಿಶ್ವವಿದ್ಯಾಲಯದ ಊರಾದ ಸಿಯಾಟಲ್‌ನಲ್ಲೇ ಮಗಳು ಆಫೀಸಿನಲ್ಲಿ ತಲೆ ಎತ್ತಿ ನಡೆದಳು. ಮರುವರ್ಷ ಕೊಲಂಬಸ್ಸಿಗೇ ಹೋಗಿ 13-10ರಿಂದ ಗೆದ್ದು ಬಂದೆವು. ಆದರೂ ಆ ಸಲದ ಚಾಂಪಿಯನ್ ಪಟ್ಟ ಓಹಾಯೋ ಸ್ಟೇಟಿಗೇ ಹೋಯಿತು. ತಡವಾಗಿ ತಿಂದ ಪ್ರಸಾದವೂ ಲೆಕ್ಕಕ್ಕೆ ಬರುತ್ತದೆ ಅಂತ ಅವಳ ವಾದ.

ಈ ಸೀಮೆಯ ಕನ್ನಡ ಬಂಧುಗಳಲ್ಲಿ ನನ್ನದೊಂದೇ ವಿನಂತಿ. ಗೃಹಪ್ರವೇಶ, ಸೀಮಂತ, ನಾಮಕರಣ ಏನೇ ಇರಲಿ, ಥ್ಯಾಂಕ್ಸ್‌ಗಿವಿಂಗಿನ ಮರುಶನಿವಾರ ಮಾತ್ರ ಬೇಡ. ಬೇಕೇ ಬೇಕೆಂದರೆ ಬೆಳಗ್ಗೆ ಏಳಕ್ಕೆ ಇಟ್ಟುಕೊಳ್ಳಿ; ಸವಾ ಸೇರಿನ ಸಜ್ಜಿಗೆ ನಾನೇ ಬಂದು ಕೆದಕಿ ಕೊಡುತ್ತೇನೆ, ಹನ್ನೊಂದೂವರೆಗೆ ನನ್ನನ್ನು ಬಿಟ್ಟುಬಿಡಿ.